ತಲೆ ದೊಡ್ಡದೋ, ತಾಳ್ಮೆ ದೊಡ್ಡದೋ?

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕುಳಿತುಕೊಳ್ಳುವುದು ನಮ್ಮ ಮನೆಯ ಹಳೆಯ ರೂಢಿ. ಮೊದಲು ಆ ವೇಳೆಗೆ ರೇಡಿಯೋ ಇರುತ್ತಿತ್ತು, ಆಮೇಲೆ ಟಿ.ವಿ. ಬಂದಿತು, ಈಗ ಮೊಬೈಲು. ಈಚೆಗೆ ಒಂದು ಸಂಜೆ ನಮ್ಮ ತಮ್ಮನ ಮಗ, ಕಾಲೇಜು ಕಲಿಯುವ ಹುಡುಗ, ಮೊಬೈಲಿನಲ್ಲಿದ್ದ ಒಂದು ವಿಡಿಯೊವನ್ನು ಟಿ.ವಿ.ಯ ಮೇಲೆ ಎಲ್ಲರಿಗೂ ತೋರಿಸಿದ. ಹಾಂಗ್‌ಕಾಂಗಿನ ನಟ ಜಾಕಿ ಚಾನ್ ಹೊಡೆದಾಟದಲ್ಲಿಯೇ ನಗೆ ಹುಟ್ಟಿಸುವುದು ಹೇಗೆ ಎಂಬುದನ್ನು ಹತ್ತು ನಿಮಿಷದೊಳಗೆ ಬಿಡಿಸಿ ಹೇಳುವ ವಿಡಿಯೊ ಅದು. ಏಟು ಬೀಳುವ ಕ್ಷಣವನ್ನು ದೂರದಿಂದ ಒಮ್ಮೆ ತೋರಿಸಿ, ನಂತರ ಹತ್ತಿರದಿಂದ ತೋರಿಸುವಾಗ ಸ್ವಲ್ಪ ಹಿಂದೆ ಸರಿದು ಅದೇ ಏಟನ್ನು ಮತ್ತೆ ಕಾಣಿಸುತ್ತಾರಂತೆ. ಎರಡು ಸಲ ಕಂಡದ್ದು ನಮ್ಮ ಕಣ್ಣಿಗೆ ಒಂದೇ ಏಟಾಗಿ, ಆದರೆ ಬಹಳ ಜೋರಾಗಿ ಬಿದ್ದಂತೆ ತೋರುತ್ತದೆ. ಇದನ್ನು ವಿಡಿಯೊ ಮಾಡಿದವರು ಸಾವಕಾಶವಾಗಿ ತೋರಿಸಿದಾಗ, ಸಿನಿಮಾದ ಗೊಡವೆಯೇ ಇಲ್ಲದ ನಮಗೂ ಬೆರಗಾಯಿತು.

ವಿಡಿಯೊ ಮುಗಿದ ಮೇಲೆ ಮಾತು ಜಾಕಿ ಚಾನ್‌ನ ಮೇಲೆ ನಿಲ್ಲಲಿಲ್ಲ, ವಿಡಿಯೊ ಮಾಡಿದವನ ಮೇಲೆ ಹೊರಳಿತು. "ಎಷ್ಟ್ ಸಿನಿಮಾ ನೋಡಿರಬೇಕು ಅಂವಾ!" ಎಂದ ನಮ್ಮ ತಮ್ಮ. "ಒಮ್ಮೆ ನೋಡಿದ್ದು ಮರೆಯೂದೇ ಇಲ್ಲ ಅನಸ್ತದ" ಎಂದಳು ಸೊಸೆ. ಅವ್ವ ಅದನ್ನು ಹಿಂದಿನ ಜನ್ಮದ ಪುಣ್ಯಕ್ಕೆ ಸೇರಿಸಿದರು. ಹುಡುಗ ಮಾತ್ರ ಬೇರೆ ದನಿಯಲ್ಲಿ, "ದೊಡ್ಡಪ್ಪಾ, ಇಂಥವರ ತಲೀನ ಬ್ಯಾರೆ. ನಮ್ಮಂಥವರ ಕಡಿಂದ ಇದು ಆಗೂದಲ್ಲ ಬಿಡ್ರಿ" ಎಂದು ಟಿ.ವಿ. ಆರಿಸಿದ.

ಆ ಮಾತು ನಮ್ಮ ಮನಸ್ಸಿನಲ್ಲಿ ಕುಳಿತುಕೊಂಡಿತು. ಏಕೆಂದರೆ ಅದೇ ಹುಡುಗ ತನ್ನ ಅಕ್ಕನ ಮದುವೆಯಲ್ಲಿ ಮೂರು ದಿನ ಓಡಾಡಿ ವಿಡಿಯೊ ತೆಗೆದಿದ್ದ. ತಾನೇ ಜೋಡಿಸಿ ಕೊಡುತ್ತೇನೆ, ಹೊರಗಿನವರಿಗೆ ಕೊಡಬೇಡಿರಿ ಎಂದು ಹಟ ಹಿಡಿದಿದ್ದ. ಎರಡು ತಿಂಗಳಾದರೂ ಕೆಲಸ ಮುಗಿದಿರಲಿಲ್ಲ. ಏಕೆ ಮುಗಿದಿಲ್ಲವೆಂಬುದು ಅಂದು ತಿಳಿಯಿತು.

ಇದು ನಮ್ಮ ಮನೆಯೊಂದರ ಮಾತಲ್ಲ. ಚೆನ್ನಾಗಿ ಸಂಕಲನ ಮಾಡಿದ ಒಂದು ವಿಡಿಯೊ ಕಂಡರೆ ಸಾಕು, ಅಭಿಮಾನಿಗಳು ಅದರ ಹಿಂದಿರುವವನ ಬುದ್ಧಿಯನ್ನು ಅಳೆಯಲು ಕೂಡುತ್ತಾರೆ. ಇವನ ನೆನಪು ಎಂಥದು, ಇವನಿಗೆ ಎಷ್ಟು ಭಾಷೆ ಬರುತ್ತದೆ, ಇವನು ಮನಸ್ಸು ಮಾಡಿದರೆ ಇನ್ನೇನು ಮಾಡಿಯಾನು ಎಂದು ಊಹೆಯ ಮೇಲೆ ಊಹೆ. ತೂಕವಾಗುತ್ತಿರುವ ಮನುಷ್ಯನನ್ನು ಯಾರೂ ಕಂಡಿರುವುದಿಲ್ಲ. ಕಂಡಿರುವುದು ಅವನು ಇಟ್ಟುಕೊಂಡ ಹತ್ತು ನಿಮಿಷ ಮಾತ್ರ.

ಹುಡುಗ ತೋರಿಸಿದ ವಿಡಿಯೊ 'ಎವ್ರಿ ಫ್ರೇಮ್ ಎ ಪೇಂಟಿಂಗ್' ಎಂಬ ಯೂಟ್ಯೂಬ್ ವಾಹಿನಿಯದು. 2014ರಲ್ಲಿ ಆರಂಭವಾದ ಈ ವಾಹಿನಿ ಜಪಾನಿನ ಅಕಿರಾ ಕುರೊಸಾವಾ, ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಮುಂತಾದವರ ಕಲೆಯನ್ನು ಕುರಿತು ಎರಡು-ಮೂರು ವರ್ಷಗಳಲ್ಲಿ 28 ಚಿತ್ರಪ್ರಬಂಧಗಳನ್ನು ಹೊರತಂದಿತು. ನೋಡುವವರಿಗೆ ಕೇಳುವುದು ಟೋನಿ ಝೌ ಎಂಬವರ ಒಂದೇ ದನಿ. ಆದುದರಿಂದ ಎಲ್ಲವೂ ಒಬ್ಬನ ತಲೆಯಿಂದಲೇ ಬಂದಿತೆಂದು ತಿಳಿಯುವುದು ಸಹಜ. ವಾಸ್ತವವಾಗಿ ಅದು ಇಬ್ಬರ ಕೆಲಸ. ಟೇಲರ್ ರಾಮೋಸ್ ಎಂಬ ಮಹಿಳೆ ಮೊದಲಿನಿಂದಲೂ ಜೊತೆಗಿದ್ದವರು. ನಮ್ಮ ಮನೆಯವರು "ಅಂವಾ, ಅಂವಾ" ಎಂದು ಹೊಗಳಿದ ಆ ಬುದ್ಧಿಯಲ್ಲಿ ಒಬ್ಬ ಹೆಣ್ಣುಮಗಳ ಪಾಲು ಇದ್ದಿತು. ಅದನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ.

2017ರ ಡಿಸೆಂಬರಿನಲ್ಲಿ ಇವರಿಬ್ಬರೂ ಕೆಲಸ ನಿಲ್ಲಿಸುತ್ತೇವೆಂದು ತಿಳಿಸಿ, ಇಷ್ಟು ದಿನ ಅದನ್ನು ಹೇಗೆ ಮಾಡಿದೆವೆಂಬುದನ್ನು ಬರೆದು ಪ್ರಕಟಿಸಿದರು. ತುಣುಕುಗಳು ಇಷ್ಟು ಚಿಕ್ಕವೇಕೆ, ಒಂದು ಮಾತಿಗೆ ಇಷ್ಟೊಂದು ಉದಾಹರಣೆಗಳೇಕೆ, ಮಾತು ಮತ್ತು ಚಿತ್ರದ ದನಿ ಒಂದರೊಳಗೊಂದು ಹೆಣೆದಂತೆ ಬರುವುದೇಕೆ ಎಂದು ಅಭಿಮಾನಿಗಳು ತಲೆದೂಗಿದ್ದರಲ್ಲವೇ? ಅವುಗಳಲ್ಲಿ ಹೆಚ್ಚಿನವು ಯೂಟ್ಯೂಬಿನ ಕಾವಲು ಯಂತ್ರದಿಂದ ತಪ್ಪಿಸಿಕೊಳ್ಳಲು ಹುಡುಕಿಕೊಂಡ ದಾರಿಗಳೆಂದು ಅವರೇ ಹೇಳಿದರು. ಬೇರೆಯವರ ಸಿನಿಮಾದ ತುಣುಕನ್ನು ಯಾರಾದರೂ ಏರಿಸಿದರೆ, ಮೂಲ ಚಿತ್ರದೊಡನೆ ಹೋಲಿಸಿ ಹಿಡಿದುಹಾಕುವ ವ್ಯವಸ್ಥೆ ಅಲ್ಲಿದೆ. ವಿಮರ್ಶೆಗಾಗಿ ತುಣುಕನ್ನು ಬಳಸುವುದಕ್ಕೆ ಅಲ್ಲಿಯ ಕಾಯಿದೆಯಲ್ಲಿ ಅವಕಾಶವಿದ್ದರೂ ಯಂತ್ರಕ್ಕೆ ಆ ವಿವೇಚನೆ ಇಲ್ಲ. ಎಷ್ಟು ಚಿಕ್ಕದು ಮಾಡಿದರೆ ದಾಟುತ್ತದೆ, ಎಷ್ಟಕ್ಕೆ ಸಿಕ್ಕಿಬೀಳುತ್ತದೆ ಎಂದು ಮತ್ತೆ ಮತ್ತೆ ಮಾಡಿ ನೋಡಿ ಇವರು ತಮ್ಮ ಪದ್ಧತಿಯನ್ನು ಕಂಡುಕೊಂಡರು. ಜನ ಪ್ರತಿಭೆ ಎಂದು ಕರೆದದ್ದರ ಬಹುಭಾಗ ಅಡಚಣೆಯೊಳಗೆ ದಾರಿ ಮಾಡಿಕೊಂಡದ್ದಾಗಿತ್ತು.

ಇನ್ನು ಅವರ ಅಪಾರ ಜ್ಞಾನದ ಮಾತು. ಕಂಪ್ಯೂಟರಿನಲ್ಲಿ ಹುಡುಕಿದರೆ ಎಲ್ಲರಿಗೂ ಒಂದೇ ಮಾಹಿತಿ ಸಿಗುತ್ತದೆ, ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆದು ಓದಿರಿ ಎಂಬುದು ಅವರ ಉಪದೇಶ. ಒಮ್ಮೆ ನೋಡಿದ್ದನ್ನು ಮರೆಯದ ತಲೆಯ ಮಾತೇ ಅಲ್ಲಿಲ್ಲ. ಈ ಕೆಲಸದ ಸಂತೋಷ ಮುಗಿದ ದಿನ ನಿಲ್ಲಿಸಿಬಿಡೋಣ ಎಂದು ಮೊದಲೇ ಮಾಡಿಕೊಂಡ ಕರಾರಿನಂತೆ ಅವರು ನಿಲ್ಲಿಸಿದರು. 2024ರಲ್ಲಿ ಮತ್ತೆ ಕೆಲವು ವಿಡಿಯೊಗಳನ್ನು ಮಾಡಿದರು.

ಸಂಕಲನವೆಂಬುದು ದೊಡ್ಡವರಿಗೂ ಎಂಥ ಕಷ್ಟದ ಕೆಲಸವೆಂಬುದಕ್ಕೆ ಒಂದು ಲೆಕ್ಕ ಹೇಳುತ್ತೇವೆ. ವ್ಯಾಪಾರಸ್ಥರಿಗೆ ಲೆಕ್ಕದಲ್ಲಿ ಹೇಳಿದರೆ ಬೇಗ ಮನಸ್ಸಿಗೆ ಹತ್ತುತ್ತದೆ. ಅಮೇರಿಕದ ವಾಲ್ಟರ್ ಮರ್ಚ್ ಸಂಕಲನಕಾರರಲ್ಲಿ ಹಿರಿಯರು. 1996ರ 'ದಿ ಇಂಗ್ಲಿಷ್ ಪೇಷಂಟ್' ಚಿತ್ರದ ಸಂಕಲನಕ್ಕೂ ಧ್ವನಿಗೂ ಆಸ್ಕರ್ ಪಡೆದವರು. 1979ರಲ್ಲಿ ಬಿಡುಗಡೆಯಾದ 'ಅಪೊಕಲಿಪ್ಸ್ ನೌ' ಚಿತ್ರದ ಸಂಕಲನಕಾರರಲ್ಲಿ ಅವರೂ ಒಬ್ಬರು. ಆ ಚಿತ್ರಕ್ಕಾಗಿ ಹನ್ನೆರಡೂವರೆ ಲಕ್ಷ ಅಡಿ ಫಿಲ್ಮು ತೆಗೆದಿದ್ದರು, ಅಂದರೆ 230 ಗಂಟೆಗೂ ಮೇಲ್ಪಟ್ಟ ಮಾಲು. ತೆರೆಗೆ ಬಂದದ್ದು ಸುಮಾರು ಎರಡು ಗಂಟೆ ಇಪ್ಪತ್ತೈದು ನಿಮಿಷ. 95 ನಿಮಿಷ ನೋಡಿ ಒಂದು ನಿಮಿಷ ಉಳಿಸಿಕೊಂಡ ಲೆಕ್ಕ. ಕೆಲಸ ಮುಗಿದ ಮೇಲೆ ಮರ್ಚ್ ಗುಣಿಸಿ ಭಾಗಿಸಿ ನೋಡಿದಾಗ, ಒಬ್ಬೊಬ್ಬ ಸಂಕಲನಕಾರನಿಗೆ ದಿನಕ್ಕೆ ಸರಾಸರಿ 1.47 ಜೋಡಣೆಗಳು ಮಾತ್ರ ಬಂದವಂತೆ. ಇಡೀ ದಿನ ದುಡಿದು ಒಂದೂವರೆ ಜೋಡಣೆಯೂ ಇಲ್ಲ! ಉಳಿದ ಹೊತ್ತೆಲ್ಲ ಜೋಡಿಸಿದ್ದನ್ನು ಬಿಚ್ಚುವುದರಲ್ಲಿ, ಬೇರೆ ದಾರಿ ಹುಡುಕುವುದರಲ್ಲಿ ಕಳೆದಿತ್ತು. ಬಿಚ್ಚಿದ್ದು ಯಾವುದೂ ತೆರೆಯ ಮೇಲೆ ಕಾಣುವುದಿಲ್ಲ. ಆದ್ದರಿಂದ ನೋಡಿದವರಿಗೆ ಎಲ್ಲವೂ ಮೊದಲ ಸಲಕ್ಕೇ ಹೊಳೆದಂತೆ ತೋರುತ್ತದೆ.

ತೆರೆಯ ಮೇಲೆ ಕಂಡದ್ದರಿಂದ ಮನುಷ್ಯನ ಶಕ್ತಿಯನ್ನು ಅಳೆದು ಮೋಸ ಹೋಗುವುದು ಹೊಸದೇನಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ಸಿನಿಮಾ ಗುರು ಒಂದು ಪ್ರಯೋಗ ಮಾಡಿದ. ಮೊಝುಖಿನ್ ಎಂಬ ಹೆಸರಾದ ನಟನ, ಯಾವ ಭಾವವೂ ಇಲ್ಲದ ಮುಖದ ಒಂದೇ ತುಣುಕನ್ನು ತೆಗೆದುಕೊಂಡು, ಒಮ್ಮೆ ಅದರ ಜೊತೆಗೆ ಊಟದ ಬಟ್ಟಲನ್ನು, ಒಮ್ಮೆ ಶವಪೆಟ್ಟಿಗೆಯನ್ನು ಜೋಡಿಸಿ ತೋರಿಸಿದನಂತೆ. ಅವನ ಶಿಷ್ಯ ಪುದೋವ್ಕಿನ್ ಬರೆದಿರುವಂತೆ, ನೋಡಿದವರು ನಟನ ಅಭಿನಯವನ್ನು ಕೊಂಡಾಡಿದರು. ಚಿಂತೆಯನ್ನು ಎಷ್ಟು ಚೆನ್ನಾಗಿ ತೋರಿಸಿದ, ದುಃಖವನ್ನು ಎಷ್ಟು ಆಳವಾಗಿ ತೋರಿಸಿದ ಎಂದರು. ಮುಖವೊಂದೇ, ಬದಲಾದದ್ದು ಪಕ್ಕದ ಚಿತ್ರ. ಅಂದು ಸಂಕಲನಕಾರನ ಕೆಲಸದ ಕೀರ್ತಿ ನಟನಿಗೆ ಹೋಯಿತು. ಇಂದು ಸಂಕಲನಕಾರನ ದುಡಿಮೆಯ ಕೀರ್ತಿ ಅವನ ತಲೆಗೆ ಹೋಗುತ್ತಿದೆ.

ನಾವು ಹೀಗೇಕೆ ತಪ್ಪುತ್ತೇವೆ? 1977ರಲ್ಲಿ ಅಮೇರಿಕದ ಲೀ ರಾಸ್ ಎಂಬ ಮನಃಶಾಸ್ತ್ರಜ್ಞರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳನ್ನು ಜೋಡಿ ಜೋಡಿಯಾಗಿ ಕೂಡಿಸಿ, ಒಬ್ಬ ಪ್ರಶ್ನೆ ಕೇಳುವವನು, ಇನ್ನೊಬ್ಬ ಉತ್ತರಿಸುವವನು ಎಂದು ಗೊತ್ತುಮಾಡಿದರು. ಯಾರು ಯಾವುದೆಂಬುದು ಬರೀ ಅದೃಷ್ಟದ ಮಾತು. ಕೇಳುವವನು ತನಗೆ ಗೊತ್ತಿರುವ ವಿಷಯಗಳಿಂದಲೇ ಹತ್ತು ಕಠಿಣ ಪ್ರಶ್ನೆಗಳನ್ನು ಮಾಡಿಕೊಳ್ಳಬೇಕು. ಉತ್ತರಿಸುವವನು ಸಹಜವಾಗಿಯೇ ಬಹಳಷ್ಟನ್ನು ತಪ್ಪಿದ. ಕೊನೆಗೆ ಕೇಳಿದಾಗ, ನೋಡುತ್ತಿದ್ದವರೂ, ಉತ್ತರ ಹೇಳಲಾರದೆ ಕುಳಿತವನೂ, ಪ್ರಶ್ನೆ ಕೇಳಿದವನೇ ಹೆಚ್ಚು ತಿಳಿದವನು ಎಂದರು! ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎಂದು ಆರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವನು ಎಲ್ಲರಿಗಿಂತ ಜಾಣನಾಗಿ ಕಾಣುತ್ತಾನೆ. ವಿಡಿಯೊ ಸಂಕಲನಕಾರನೂ ಅಂಥ ಜಾಗದಲ್ಲಿ ಕುಳಿತಿರುವವನು. ತನಗೆ ತಿಳಿಯದುದನ್ನು ಅವನು ತೋರಿಸುವುದೇ ಇಲ್ಲ.

ದೂರದ ಮಾತೇಕೆ, ನಮ್ಮ ಅಂಗಡಿಯದನ್ನೇ ಹೇಳುತ್ತೇವೆ. ನಮ್ಮ ತಂದೆಯವರು ಜವಳಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ, ಅವರ ನೆನಪಿನ ಶಕ್ತಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾಗಿತ್ತು. ಗಿರಾಕಿ ನೂರು ಸೀರೆಗಳಲ್ಲಿ ಯಾವುದನ್ನು ಎಳೆದರೂ ಪುಸ್ತಕ ನೋಡದೆ ಬೆಲೆ ಹೇಳುವರು, ಎಲ್ಲಿಯವರೆಗೆ ಇಳಿಯಬಹುದೆಂಬುದೂ ಅವರಿಗೆ ತಿಳಿದಿರುತ್ತಿತ್ತು. "ಸಾವಕಾರ್ರ ತಲಿ ಅಂದ್ರ ತಲಿ" ಎಂದು ಜನ ಅನ್ನುತ್ತಿದ್ದರು. ನಾವು ಹದಿನೆಂಟನೆಯ ವಯಸ್ಸಿನಲ್ಲಿ ಗಾದಿಯ ಮೇಲೆ ಕುಳಿತಾಗ ಒಂದೇ ತಿಂಗಳಲ್ಲಿ ಎದೆಗುಂದಿದೆವು. ಒಂದು ರಾತ್ರಿ ಅಂಗಡಿ ಮುಚ್ಚುವಾಗ, "ಅಪ್ಪಾ, ನನಗ ನಿಮ್ಮ ತಲಿ ಇಲ್ಲ, ನಾ ಬ್ಯಾರೆ ಏನರೆ ಉದ್ಯೋಗ ನೋಡ್ಕೋತೇನಿ" ಎಂದು ಹೇಳಿಯೇಬಿಟ್ಟೆವು. ಅವರು ನಕ್ಕು, ಒಂದು ಸೀರೆಯ ಚೀಟಿಯ ಮೂಲೆಯಲ್ಲಿ ಬರೆದಿದ್ದ ಮೂರು ಸಣ್ಣ ಅಕ್ಷರಗಳನ್ನು ತೋರಿಸಿದರು. ಹತ್ತು ಅಕ್ಷರದ ಒಂದು ಮಾತು, ಅಕ್ಷರಕ್ಕೊಂದು ಅಂಕಿ. ಖರೀದಿಯ ದರ ಅಲ್ಲಿಯೇ ಇದ್ದಿತು! ಇದು ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಅನೇಕರಿಗೆ ಗೊತ್ತಿರುವ ಸಂಗತಿಯೇ. ಆದರೆ ಅಂದು ನಮಗೆ ಗೊತ್ತಿರಲಿಲ್ಲ. ಮಾಲು ಬಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ತಂದೆಯವರು ಒಬ್ಬರೇ ಕುಳಿತು, ಒಂದೊಂದು ಸೀರೆಗೂ ಚೀಟಿ ಹಚ್ಚುತ್ತಿದ್ದರು. ಜನ ಹೊಗಳಿದ್ದು ಗಾದಿಯ ಮೇಲಿನ ತಲೆಯನ್ನು. ಅದನ್ನು ಹೊತ್ತು ನಿಂತದ್ದು ಆ ರಾತ್ರಿಗಳ ಕೈ.

ಬುದ್ಧಿಯೇ ಸುಳ್ಳು ಎಂದು ನಮ್ಮ ಮಾತಲ್ಲ. ಸೀರೆಯ ಗುಣ ಗುರುತಿಸುವ ಕಣ್ಣು ತಂದೆಯವರಿಗೆ ಇದ್ದದ್ದು ನಿಜ. ಎಲ್ಲಿ ಕತ್ತರಿಸಬೇಕೆಂಬ ರುಚಿ ಒಳ್ಳೆಯ ಸಂಕಲನಕಾರನಿಗೆ ಇರುವುದೂ ನಿಜ. ಆದರೆ ಆ ಕಣ್ಣು, ಆ ರುಚಿ ಸಾವಿರ ಸಲ ಮುಟ್ಟಿ ನೋಡಿದ ಮೇಲೆ ಬಲಿಯುವಂಥವು. ನಾವು ಹೊರಗಿನಿಂದ ನೋಡಿ "ಹುಟ್ಟಿನಿಂದಲೇ ಬಂದದ್ದು" ಎಂದುಬಿಟ್ಟರೆ, ಹೊಗಳಿಸಿಕೊಂಡವನಿಗೆ ಅದರಿಂದ ಲಾಭವಿಲ್ಲ, ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವ ಹುಡುಗನಿಗೆ ಮಾತ್ರ ಹಾನಿ. ಅವನು ತನ್ನ ಎರಡು ತಿಂಗಳ ತಡವರಿಕೆಯನ್ನು ಬೇರೆಯವರ ಹತ್ತು ನಿಮಿಷದ ಪಕ್ಕದಲ್ಲಿಟ್ಟು ತೂಗಿ, ತಕ್ಕಡಿಯಿಂದ ಇಳಿದುಹೋಗುತ್ತಾನೆ.

ಮರುದಿನ ಹುಡುಗನನ್ನು ಕರೆದು ಈ ಸಂಗತಿಗಳನ್ನೆಲ್ಲ ಹೇಳಿ, "ಅಕ್ಕನ ಮದುವೀದು ಎಷ್ಟ್ ತಾಸಿಂದು ಐತಿ?" ಎಂದು ಕೇಳಿದೆವು. "ಆರು ತಾಸು, ದೊಡ್ಡಪ್ಪಾ. ಎಂಟ್ ಮಿನಿಟಿಗೆ ತರಬೇಕಂತೀನಿ" ಎಂದ. ಲೆಕ್ಕ ಹಾಕಿದೆವು: ನಲವತ್ತೈದಕ್ಕೆ ಒಂದು. "ಆ ದೊಡ್ಡ ಮನಿಶ್ಯಾಗ ತೊಂಬತ್ತೈದು ಇತ್ತು, ನಿನಗ ಅದರ ಅರ್ಧಾನೂ ಇಲ್ಲ. ಕೂಡು, ಮುಗಿಸು" ಎಂದೆವು. ಹುಡುಗ ನಕ್ಕ. ಆದರೆ ಅಂದೇ ಕುಳಿತ.

ಮೂರು ವಾರಗಳ ಮೇಲೆ ಒಂದು ಸಂಜೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ತೋರಿಸಿದ. ಕೊನೆಗೆ ಮಗಳು ಹೊಸ್ತಿಲು ದಾಟಿ ಕಾರು ಹತ್ತುತ್ತಾಳೆ. ಅದರ ಬೆನ್ನಿಗೇ ಅವ್ವನ ಮುಖ, ಏನನ್ನೋ ಕಳೆದುಕೊಂಡು ಹುಡುಕುವಂತಿರುವ ಮುಖ. ಮನೆಯಲ್ಲಿ ಎಲ್ಲರ ಕಣ್ಣೂ ತುಂಬಿದವು. ಅವ್ವ ಮಾತ್ರ ಬೆರಗಾಗಿ, "ಅಯ್ಯ, ನಾ ಆಗ ಚಷ್ಮಾ ಹುಡುಕಾಕತ್ತಿದ್ನೆಪಾ!" ಎಂದರು. ಅಳುತ್ತಿದ್ದವರೆಲ್ಲ ನಕ್ಕರು. "ಹುಡುಗನ ತಲಿ ಬಾಳ ಚುರುಕು" ಎಂದು ಅಲ್ಲಿಯೂ ಹೊಗಳಿಕೆ ಆರಂಭವಾಯಿತು. ನಾವು ಒಂದೇ ಮಾತು ಕೇಳಿದೆವು: "ಆ ಮುಖ ಅಲ್ಲಿ ಕೂಡ್ರಸಾಕ ಎಷ್ಟ್ ಸಲ ಜೋಡಿಸಿ ಬಿಚ್ಚಿದಿ?"

"ಹದಿನೇಳು ಸಲ" ಎಂದ.

ಬಂಧುಗಳೇ, ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮಗೆಲ್ಲ ಬಾಯಿಪಾಠವಿದೆ. ನಿಮ್ಮ ಮನೆಯ ಮಗ ಅಥವಾ ಮಗಳು ಏನಾದರೂ ಚೆನ್ನಾಗಿ ಮಾಡಿ ತಂದಾಗ, ತಲೆಯನ್ನು ಹೊಗಳುವ ಮುಂಚೆ ಈ ಒಂದು ಪ್ರಶ್ನೆಯನ್ನು ಕೇಳಿರಿ: ಎಷ್ಟು ಸಲ ಮಾಡಿದಿ? ಹಾಗೆಯೇ ಮನೆಯ ಹಿರಿಯರು ತಮ್ಮ ಅಂಗಡಿಯ ಚೀಟಿಯ ಅಕ್ಷರಗಳನ್ನು ಮಕ್ಕಳಿಗೆ ಸ್ವಲ್ಪ ಬೇಗನೆ ತೋರಿಸಲಿ. ನಮಗೆ ಅದು ಒಂದು ತಿಂಗಳು ತಡವಾಗಿ ಸಿಕ್ಕಿತು. ಇನ್ನೂ ತಡವಾಗಿದ್ದರೆ ನಾವು ಗಾದಿ ಬಿಟ್ಟು ಹೋಗಿಯೇಬಿಡುತ್ತಿದ್ದೆವು.