ಗ್ರಾಮಸಭೆಯ ಚರ್ಚೆಗೆ ಯಂತ್ರದ ಅಳತೆ: ಹಂಪಾಪುರ ಹೋಬಳಿಯ ಮತದಾರರಲ್ಲಿ ಒಂದು ಮನವಿ

ರಾಜಕೀಯ ಚರ್ಚೆಯ ಗುಣಮಟ್ಟವನ್ನು ಕೆಲವು ನೇರ ಪ್ರಶ್ನೆಗಳಿಂದ ಅಳೆಯಬಹುದು. ಮಾತನಾಡುವವರು ಬೇಡಿಕೆಗೆ ಕಾರಣ ಕೊಟ್ಟರೇ? ಆ ಕಾರಣದಲ್ಲಿ ಊರಿನ ಹಿತವಿದೆಯೇ? ಎದುರಾಳಿಯ ಮಾತನ್ನು ಗೌರವದಿಂದ ಕೇಳಿ ಉತ್ತರಿಸಿದರೇ? ರಾಜ್ಯಶಾಸ್ತ್ರಜ್ಞ ಯುರ್ಗ್ ಸ್ಟೈನರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಸೂಚ್ಯಂಕ ಇಂಥ ಅಂಶಗಳ ಮೇಲೆಯೇ ನಿಂತಿದೆ. ಆಗ ಪ್ರತಿ ಭಾಷಣವನ್ನೂ ಮನುಷ್ಯರೇ ಓದಿ ಅಂಕ ಹಾಕಬೇಕಿತ್ತು. ಅಂಥ ಅಂಕ ಹಾಕಿದ ಮಾದರಿಗಳಿಂದ ಕಲಿತ ಯಂತ್ರ ಈಗ ಸಾವಿರಾರು ಪುಟಗಳ ನಡಾವಳಿಯನ್ನು ಬಹುಬೇಗ ವಿಂಗಡಿಸುತ್ತದೆ.

ಚರ್ಚೆಯನ್ನು ಯಂತ್ರದಿಂದ ವಿಶ್ಲೇಷಿಸುವ ವಿಧಾನ ಹಳ್ಳಿಗೂ ಬಂದಿದೆ. ತಮಿಳುನಾಡಿನ ಗ್ರಾಮಸಭೆಗಳ ಮಾತನ್ನು ಬರಹಕ್ಕಿಳಿಸಿ ಕಂಪ್ಯೂಟರಿನಿಂದ ವಿಷಯವಾರು ವಿಶ್ಲೇಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಮಹಿಳೆಯರು ಮಾತನಾಡುವುದು ಕಡಿಮೆ, ಅವರು ಎತ್ತಿದ ವಿಷಯಕ್ಕೆ ಅಧಿಕಾರಿಗಳಿಂದ ಸರಿಯಾದ ಉತ್ತರ ಸಿಗುವುದೂ ಕಡಿಮೆ ಎಂದು ಅದು ತೋರಿಸಿತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಮಹಿಳೆಯರ ಮಾತಿಗೆ ಸ್ಪಂದನೆ ಹೆಚ್ಚಿತ್ತು. 2025ರ ಆಗಸ್ಟ್ 14ರಂದು ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ ‘ಸಭಾಸಾರ್’ ಎಂಬ ಸಾಧನಕ್ಕೆ ಚಾಲನೆ ನೀಡಿತು. ಗ್ರಾಮಸಭೆಯ ಧ್ವನಿ ಅಥವಾ ವಿಡಿಯೊ ಮುದ್ರಣದಿಂದ ನಡಾವಳಿ ಸಿದ್ಧಪಡಿಸುವುದು ಅದರ ಕೆಲಸ. ನಡಾವಳಿ ಯಂತ್ರದ ಕೈಗೆ ಹೋದ ಮೇಲೆ ಚರ್ಚೆಗೆ ಅಂಕ ಹಾಕುವುದು ದೂರದ ಮಾತಲ್ಲ.

ಆದರೆ ಸ್ಟೈನರ್ ಅವರ ಸೂಚ್ಯಂಕದಂಥ, ಸಂಸತ್ತಿಗೆಂದು ಹೊಲಿದ ಅಳತೆ ಗ್ರಾಮಸಭೆಗೆ ಹಾಗೆಯೇ ಹೊಂದುವುದಿಲ್ಲ. ಗ್ರಾಮಸಭೆಯ ಮಾತಿನಲ್ಲಿ ವಾದಕ್ಕಿಂತ ಅಹವಾಲೇ ಹೆಚ್ಚು. ‘ಹಾಡಿಗೆ ನೀರು ಬಂದಿಲ್ಲ’ ಎಂಬ, ಬುಡಕಟ್ಟು ಕೇರಿಯವರ ಒಂದು ಸಾಲಿಗೆ ಯಂತ್ರ ಕಡಿಮೆ ಅಂಕ ಕೊಟ್ಟೀತು, ಯೋಜನೆಗಳ ಹೆಸರು ಪಟ್ಟಿ ಮಾಡುವ ಉದ್ದದ ಭಾಷಣಕ್ಕೆ ಹೆಚ್ಚು ಕೊಟ್ಟೀತು. ಭಾಷೆಯ ತೊಡಕೂ ಇದೆ. ಹಂಪಾಪುರ ಹೋಬಳಿ ಇರುವ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ನುಡಿಗಳಿವೆ. ಪುಸ್ತಕದ ಕನ್ನಡ ಕಲಿತ ಯಂತ್ರ ಅವನ್ನು ತಪ್ಪಾಗಿ ಬರೆದರೆ, ಬರೆಯದೇ ಬಿಟ್ಟರೆ, ಆ ಅಹವಾಲು ದಾಖಲೆಯಲ್ಲಿ ಇಲ್ಲವೇ ಇಲ್ಲ. ಸಭೆಗೆ ಬರದವರ, ಬಂದೂ ಬಾಯಿ ಬಿಡದವರ ಲೆಕ್ಕವಂತೂ ಧ್ವನಿಮುದ್ರಣದಲ್ಲಿ ಸಿಗುವುದಿಲ್ಲ.

ಆದ್ದರಿಂದ ಅಳೆಯಬೇಕಾದದ್ದು ಕೇಳಿದವರ ಮಾತುಗಾರಿಕೆಯನ್ನಲ್ಲ, ಅವರಿಗೆ ಸಿಕ್ಕ ಉತ್ತರವನ್ನು. ಅಹವಾಲು ಹೇಳಿ ಉತ್ತರ ಪಡೆಯುವುದು ಮೈಸೂರು ಸೀಮೆಗೆ ಹೊಸತಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯಲ್ಲಿ ತಾಲ್ಲೂಕುಗಳ ಪ್ರತಿನಿಧಿಗಳು ಸರ್ಕಾರದ ಮುಂದೆ ಅಹವಾಲು ಮಂಡಿಸಿ ಉತ್ತರ ಪಡೆಯುತ್ತಿದ್ದರು. ಇಂದಿನ ಗ್ರಾಮಸಭೆಯಲ್ಲೂ ಯಾರು ಏನು ಕೇಳಿದರು, ಯಾವ ಇಲಾಖೆ ಏನು ಹೇಳಿತು, ಯಾವ ಪ್ರಶ್ನೆ ಹಾಗೇ ಉಳಿಯಿತು ಎಂಬ ಪಟ್ಟಿಯನ್ನು ಯಂತ್ರ ಚೆನ್ನಾಗಿ ಮಾಡಬಲ್ಲದು. ಒಂದು ಸಭೆಯಲ್ಲಿ ಉಳಿದ ಪ್ರಶ್ನೆ ಮುಂದಿನ ಸಭೆಯಲ್ಲೂ ಉಳಿಯಿತೇ ಎಂದು ಹೋಲಿಸಲೂ ಬಲ್ಲದು.

ಹಂಪಾಪುರ ಹೋಬಳಿಯ ಮತದಾರರಲ್ಲಿ, ಪಂಚಾಯಿತಿ ಸದಸ್ಯರಲ್ಲಿ ಮನವಿ ಇಷ್ಟೇ. ವಾರ್ಡ್ ಸಭೆ, ಗ್ರಾಮಸಭೆಗಳ ಮಾತು ಪೂರ್ತಿಯಾಗಿ ಧ್ವನಿಮುದ್ರಣವಾಗಲಿ. ಮೈಕು ಹಿಂದಿನ ಸಾಲಿಗೂ, ಹೆಣ್ಣುಮಕ್ಕಳಿಗೂ ತಲುಪಲಿ. ಹಾಡಿಯ ನುಡಿ ಬಲ್ಲವರೊಬ್ಬರು ಬರಹವನ್ನು ತಿದ್ದಲಿ. ಯಂತ್ರ ಬರೆದ ನಡಾವಳಿಯನ್ನು ಸಭೆಯಲ್ಲೇ ಓದಿ ಹೇಳಿ, ಜನ ಒಪ್ಪಿದ ಮೇಲಷ್ಟೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು ಸಹಿ ಹಾಕಲಿ. ಅಂಕ ಹಾಕುವುದಿದ್ದರೆ ಅದು ವ್ಯಕ್ತಿಗೆ ಬೇಡ, ಸಭೆಗೆ ಇರಲಿ. ಆ ಅಂಕದ ನೆಪದಲ್ಲಿ ಯಾರ ಮಾತನ್ನೂ ತಡೆಯುವಂತಾಗಬಾರದು. ಉತ್ತರ ಸಿಗದ ಅಹವಾಲುಗಳ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ, ಮುಂದಿನ ಗ್ರಾಮಸಭೆಯ ಕಲಾಪ ಆ ಪಟ್ಟಿಯಿಂದಲೇ ಆರಂಭವಾಗಲಿ.