‘ಕನ್ನಡದಲ್ಲಿ ಹಾಕಿದರೆ ಯಾರು ಓದುತ್ತಾರೆ?’

ಮಾನ್ಯ ಪೋಷಕ ಬಂಧುಗಳೇ,

ನಾನು ನಿವೃತ್ತನಾಗುವುದಕ್ಕೆ ಒಂದು ವರ್ಷ ಮೊದಲು ನಮ್ಮ ಕನ್ನಡ ಮಾಧ್ಯಮ ಶಾಲೆಯ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳು ಹನ್ನೆರಡು ನಿಮಿಷಗಳ ಕಿರುಚಿತ್ರವೊಂದನ್ನು ಮಾಡಿದರು. ಕಥೆ ಅವರದೇ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿಯ ಕಾಡುಗಳಿಗೆ ಬರುವ ಆನೆಗಳು. ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕಾವಲು ಕೂರುವ ತಂದೆ. ಅವನಿಗೆ ಬುತ್ತಿ ಒಯ್ದು, ಅಲ್ಲಿಯೇ ಟಾರ್ಚಿನ ಬೆಳಕಿನಲ್ಲಿ ಪರೀಕ್ಷೆಗೆ ಓದುವ ಮಗಳು. ಚಿತ್ರಕ್ಕೆ ‘ಅಟ್ಟಣೆ’ ಎಂದೇ ಹೆಸರಿಟ್ಟರು. ಅದಕ್ಕೆ ಒಂದು ನಿಮಿಷದ ಟ್ರೈಲರ್, ಒಂದು ಪೋಸ್ಟರ್, ಒಂದು ಕರಪತ್ರ ಬೇಕೆಂದೂ ಅವರೇ ತೀರ್ಮಾನಿಸಿದರು.

ಪೋಸ್ಟರನ್ನು ಅಚ್ಚು ಹಾಕಿಸಲು ಪೇಟೆಯ ಅಂಗಡಿಯೊಂದಕ್ಕೆ ಮಕ್ಕಳನ್ನು ಕರೆದೊಯ್ದೆ. ಹಾಳೆ ಹೊರಬಂದಾಗ ನೋಡಿದರೆ ‘ಟ್ಟ’ ಒಡೆದು ಹೋಗಿತ್ತು. ಒತ್ತಕ್ಷರ ಕೆಳಗಿಳಿಯದೆ ಎರಡು ಅಕ್ಷರಗಳು ಅಕ್ಕಪಕ್ಕದಲ್ಲಿ ಅನಾಥವಾಗಿ ನಿಂತಿದ್ದವು. ಸರಿಪಡಿಸಿಕೊಡಿ ಎಂದೆ. ಅಂಗಡಿಯವರು ನಕ್ಕು, “ಬಿಡಿ ಸಾರ್, ಕನ್ನಡದಲ್ಲಿ ಹಾಕಿದ್ರೆ ಇಲ್ಲಿ ಯಾರು ಓದ್ತಾರೆ?” ಎಂದರು. ಬಂಧುಗಳೇ, ಅವರು ಅದನ್ನು ಹೇಳಿದ್ದು ಅಚ್ಚ ಕನ್ನಡದಲ್ಲಿ. ನಾನು ಉತ್ತರ ಹುಡುಕುವಷ್ಟರಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ನಾವು ಓದ್ತೀವಿ ಅಣ್ಣಾ, ಸರಿ ಮಾಡ್ಕೊಡಿ” ಎಂದಳು.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬಾಯಿಂದ ಬಂದ ಮಾತು ನಮ್ಮೆಲ್ಲರ ಮನೆಯ ಮಾತು. ಮಗುವನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸುವ ದಿನ ನಾವು ಅದನ್ನೇ ಹೇಳುತ್ತೇವೆ. ಗೃಹಪ್ರವೇಶದ ಆಹ್ವಾನಪತ್ರಿಕೆಯನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುವಾಗಲೂ, ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವಾಗಲೂ ಹೇಳುತ್ತೇವೆ. ಆಮೇಲೆ ನವೆಂಬರ್ ಒಂದರಂದು ಬಾವುಟದ ಚಿತ್ರವನ್ನು ಎಲ್ಲರಿಗೂ ರವಾನಿಸುತ್ತೇವೆ. ಈ ಇಬ್ಬಂದಿತನದ ವಿರುದ್ಧವೇ ಇಂದು ನಾನು ಬರೆಯುತ್ತಿದ್ದೇನೆ.

2018ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಿ. ರಿಷಬ್ ಶೆಟ್ಟಿಯವರ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ತೆರೆಗೆ ಬಂತು. ಗಡಿಯಾಚೆಯ ಕನ್ನಡ ಶಾಲೆಯೊಂದು ಮುಚ್ಚಿಹೋಗುವ ಭೀತಿಯೇ ಅದರ ವಸ್ತು. ಅದಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಚಿತ್ರದ ಹೆಸರನ್ನು ಗಮನಿಸಿ: ಅದೊಂದು ಶಾಲೆಯ ನಾಮಫಲಕ, ಕೊನೆಗೆ ದಾನಿಯ ಹೆಸರು. ಪ್ರಚಾರದ ಕಲೆ ಬಲ್ಲವರು ಇಟ್ಟ ಹೆಸರದು. ಓದಿದವನಿಗೆ ತನ್ನೂರಿನ ಶಾಲೆಯ ಗೋಡೆ ಕಣ್ಣ ಮುಂದೆ ಬರುತ್ತದೆ. ನಮ್ಮ ಹೊಸೂರು, ಬಾಗಲೂರು, ಡೆಂಕಣಿಕೋಟೆಯ ಕಡೆಯ ಕನ್ನಡಿಗರು ಆ ಟ್ರೈಲರನ್ನು ಒಬ್ಬರಿಗೊಬ್ಬರು ಕಳುಹಿಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಚಿತ್ರ ನೋಡಿ ಕಣ್ಣೊರೆಸಿಕೊಂಡವರನ್ನೂ ಕಂಡಿದ್ದೇನೆ. ಮರುವರ್ಷದ ಜೂನ್ ತಿಂಗಳಲ್ಲಿ ಅವರಲ್ಲಿಯೇ ಕೆಲವರು ವರ್ಗಾವಣೆ ಪತ್ರ ಕೇಳಿಕೊಂಡು ನನ್ನ ಕೊಠಡಿಯ ಮುಂದೆ ನಿಂತಿದ್ದನ್ನೂ ಕಂಡಿದ್ದೇನೆ.

ಬೇರೆಯವರು ಮಾಡಿದ ಚಿತ್ರಕ್ಕೆ ಅಳುವುದು ಸುಲಭ. ನಮ್ಮ ಮಕ್ಕಳ ಕೈಯಲ್ಲಿ ಅಂಥದೊಂದು ಕೃತಿಯನ್ನು ಕನ್ನಡದಲ್ಲಿ ಮಾಡಿಸಿ, ಅದನ್ನು ಊರಿನ ಮುಂದೆ ಇಡುವುದು ಕಷ್ಟ. ಆದರೆ ಕನ್ನಡ ಶಾಲೆಯನ್ನು ಉಳಿಸುವ ದಾರಿ ಎರಡನೆಯದೇ ಎಂಬುದು ನನ್ನ ದೃಢವಾದ ನಂಬಿಕೆ. ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ ಬಳಕೆಯಾಗುವ ಭಾಷೆಯನ್ನು ಮಗು ಪರೀಕ್ಷೆ ಮುಗಿದ ದಿನವೇ ಮರೆಯುತ್ತದೆ. ಅಪರಿಚಿತನೊಬ್ಬನನ್ನು ತಡೆದು ನಿಲ್ಲಿಸಿ, ‘ಇದನ್ನು ನೋಡಲು ಬನ್ನಿ’ ಎಂದು ಒಪ್ಪಿಸಲು ಬಳಸಿದ ಭಾಷೆಯನ್ನು ಅದು ಮರೆಯುವುದಿಲ್ಲ.

ಟ್ರೈಲರ್ ಎಂಬ ಪದಕ್ಕೆ ಹಿಂದೆ ಹಿಂದೆ ಬರುವುದು ಎಂಬ ಅರ್ಥವಿದೆ. ಮೊದಮೊದಲು ಮುಂಬರುವ ಚಿತ್ರದ ತುಣುಕುಗಳನ್ನು ಪ್ರದರ್ಶನದ ಕೊನೆಗೆ ತೋರಿಸುತ್ತಿದ್ದರಂತೆ. ಜನ ಎದ್ದು ಹೋಗತೊಡಗಿದ್ದರಿಂದ ಅದನ್ನು ಮುಂದಕ್ಕೆ ತಂದರು, ಹೆಸರು ಮಾತ್ರ ಹಾಗೆಯೇ ಉಳಿಯಿತು. ನಮ್ಮ ಶಾಲೆಗಳಲ್ಲಿ ಕನ್ನಡದ ಸ್ಥಾನವೂ ಹೀಗೆಯೇ ಆಗಿದೆ. ಎಲ್ಲ ವಿಷಯಗಳೂ ಮುಗಿದ ಮೇಲೆ, ಜನ ಎದ್ದು ಹೋಗುವ ಹೊತ್ತಿಗೆ ಅದು ಬರುತ್ತದೆ. ಅದನ್ನು ಮುಂದಕ್ಕೆ ತರಬೇಕು.

“ಸಾರ್, ಹತ್ತನೆಯ ತರಗತಿ ಹತ್ತಿರ ಬರುತ್ತಿದೆ, ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಸಿನಿಮಾ ಹುಚ್ಚು ಹಿಡಿಸುತ್ತಿದ್ದೀರಿ” ಎಂದು ಅಂದು ಒಬ್ಬ ತಂದೆ ನನ್ನನ್ನು ಆಕ್ಷೇಪಿಸಿದರು. ಆ ಆಕ್ಷೇಪಕ್ಕೆ ಗೌರವಪೂರ್ವಕವಾಗಿ ಉತ್ತರಿಸಬೇಕಾದರೆ ಮಕ್ಕಳು ನಿಜವಾಗಿ ಏನು ಮಾಡಿದರೆಂಬುದನ್ನು ಹೇಳಬೇಕು.

ಮೊದಲ ವಾರ ಮೊಬೈಲನ್ನು ಯಾರೂ ಮುಟ್ಟಲಿಲ್ಲ. ಹನ್ನೆರಡು ನಿಮಿಷದ ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ ಎಂದೆ. ಯಾರ ಕಥೆ, ಅವರಿಗೆ ಬೇಕಾದುದೇನು, ಅಡ್ಡಿ ಯಾವುದು ಎಂಬ ಮೂರೂ ಆ ವಾಕ್ಯದಲ್ಲಿರಬೇಕು. ಅಂತ್ಯ ಮಾತ್ರ ಇರಬಾರದು. ಮೂರು ದಿನ ಹೊಡೆದು ತಿದ್ದಿದರು. ಸಂಧಿ, ಸಮಾಸ, ವಿಭಕ್ತಿಗಳನ್ನು ಇಷ್ಟು ಶ್ರದ್ಧೆಯಿಂದ ಚರ್ಚಿಸಿದ್ದನ್ನು ನನ್ನ ವ್ಯಾಕರಣದ ತರಗತಿಯಲ್ಲಿ ನಾನು ಕಂಡಿರಲಿಲ್ಲ. ಆಮೇಲೆ ಉದ್ದನೆಯ ಹಾಳೆಯಲ್ಲಿ ನಾಲ್ಕು ಅಂಕಣ ಎಳೆದರು: ಕಾಣುವ ಚಿತ್ರ, ಕೇಳುವ ಶಬ್ದ, ತೆರೆಯ ಮೇಲಿನ ಬರಹ, ಸೆಕೆಂಡುಗಳು. ಅರವತ್ತು ಸೆಕೆಂಡು, ಸರಾಸರಿ ಮೂರು ಸೆಕೆಂಡಿನ ದೃಶ್ಯವೆಂದರೆ ಇಪ್ಪತ್ತು ದೃಶ್ಯ. ಪ್ರತಿಯೊಂದನ್ನೂ ಯಾಕೆ ಇಡುತ್ತೇವೆಂದು ಬರೆದ ಮೇಲೆಯೇ ಮುಂದಿನದು.

ಚಿತ್ರಕ್ಕೆ ಹೆಸರಿಡುವಾಗ ನಡೆದದ್ದನ್ನೂ ಹೇಳಬೇಕು. ಹುಡುಗರಿಗೆ ಮೊದಲು ಬೇಕಾಗಿದ್ದುದು ‘ಎಲಿಫೆಂಟ್ ನೈಟ್’. ತಂದೆ ಕೂರುವ ಆ ಜಾಗಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. ಕೆಲವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬಂದರು: ಅಟ್ಟಣೆ. ಪಾಠಪುಸ್ತಕ ಕೊಡದ ಪದವನ್ನು ಒಂದು ಪೋಸ್ಟರಿನ ಅಗತ್ಯ ಕೊಟ್ಟಿತು.

ತಯಾರಿಕೆಯೂ ಅಷ್ಟೇ ಶಿಸ್ತಿನದು. ಯಾವುದೋ ಚಿತ್ರದ ಹಿನ್ನೆಲೆ ಸಂಗೀತವನ್ನು ಎತ್ತಿ ಹಾಕಿಕೊಳ್ಳುವಂತಿಲ್ಲ, ಅದು ಪರರ ಸೊತ್ತು ಎಂದು ಮೊದಲೇ ಹೇಳಿದ್ದೆ. ಆದ್ದರಿಂದ ಆನೆ ಓಡಿಸಲು ಬಡಿಯುವ ತಗಡಿನ ಡಬ್ಬದ ಸದ್ದನ್ನೇ ಸಂಗೀತ ಮಾಡಿಕೊಂಡರು. ಟ್ರೈಲರಿನಲ್ಲಿ ಆನೆ ಒಮ್ಮೆಯೂ ಕಾಣುವುದಿಲ್ಲ. ಡಬ್ಬದ ಸದ್ದು ನಿಂತಾಗಿನ ಮೌನ ಸಾಕಾಯಿತು. ಯಾವ ಮಗುವಿನ ಮುಖ ಅಂತರ್ಜಾಲಕ್ಕೆ ಹೋಗುವುದಿದ್ದರೂ ಪೋಷಕರ ಲಿಖಿತ ಒಪ್ಪಿಗೆ ಬೇಕೆಂದು ನಿಯಮ ಮಾಡಿಕೊಂಡೆವು. ಪೋಸ್ಟರನ್ನು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ನಿಂತು ಓದಿದೆವು; ಅಲ್ಲಿಂದ ಹೆಸರು, ದಿನ, ಸ್ಥಳ ಈ ಮೂರೂ ಕಾಣಬೇಕು, ಉಳಿದುದೆಲ್ಲ ಚಿಕ್ಕದಾಗಿರಲಿ ಎಂದು ನಿಶ್ಚಯಿಸಿದೆವು.

ಎಲ್ಲಕ್ಕಿಂತ ದೊಡ್ಡ ಪಾಠ ಮೌಲ್ಯಮಾಪನದ್ದು. ಮೊದಲ ಟ್ರೈಲರನ್ನು ಮಕ್ಕಳು ತಾವೇ ನೋಡಿ ತಾವೇ ಚಪ್ಪಾಳೆ ತಟ್ಟಿಕೊಂಡಿದ್ದರು. ನಾನು ಅದಕ್ಕೆ ಅಂಕ ಕೊಡಲಿಲ್ಲ. ಚಿತ್ರ ನೋಡಿರದವರಿಗೆ ತೋರಿಸಿ, ನಾಲ್ಕೇ ಪ್ರಶ್ನೆ ಕೇಳಿ ಬನ್ನಿ ಎಂದೆ. ಇದು ಯಾರ ಕಥೆ? ಅವರಿಗಿರುವ ಭಯವೇನು? ಎಲ್ಲಿ, ಯಾವಾಗ ತೋರಿಸುತ್ತಾರೆ? ನಿಮಗೆ ಬಂದು ನೋಡಬೇಕೆನಿಸಿತೇ? ಅರ್ಧಕ್ಕೂ ಹೆಚ್ಚು ಜನರಿಗೆ ಅದು ಹೊಡೆದಾಟದ ಚಿತ್ರವೆಂದು ತೋರಿತ್ತು. ಕಾರಣ, ನಮ್ಮ ಹುಡುಗರು ದೊಡ್ಡ ತಾರೆಯರ ಟ್ರೈಲರುಗಳನ್ನು ನಕಲು ಮಾಡಿ, ಪಾಪದ ತಂದೆಯನ್ನು ನಿಧಾನಗತಿಯಲ್ಲಿ ಧೂಳೆಬ್ಬಿಸುತ್ತ ನಡೆಸಿದ್ದರು! ಓದುಬರಹವಿಲ್ಲದ ಒಬ್ಬ ಅಜ್ಜಿಯಂತೂ, “ಕಥೆನೆಲ್ಲಾ ಹೇಳ್ಬಿಟ್ರಲ್ಲಪ್ಪಾ, ಇನ್ನು ಬಂದು ನೋಡೋದೇನಿದೆ?” ಎಂದರು. ವಿಮರ್ಶೆ ಎಂದರೆ ಅದು. ಪಕ್ಕದ ತಮಿಳು ಮಾಧ್ಯಮದ ಮಕ್ಕಳು ಅಟ್ಟಣೆ ಎಂದರೇನೆಂದು ಕೇಳಿದರು. ಅವರಲ್ಲಿ ಅದು ಪರಣ್, ತೆಲುಗಿನವರಲ್ಲಿ ಮಂಚೆ. ಮೂರು ಪದಗಳೂ ಕರಪತ್ರದಲ್ಲಿ ಆಯಾ ಲಿಪಿಯಲ್ಲಿಯೇ ಬಂದವು. ಕನ್ನಡ ಮೇಲೆ, ಉಳಿದೆರಡು ಅದರ ಜೊತೆಗೆ.

ಮಕ್ಕಳು ಟ್ರೈಲರನ್ನು ಎರಡು ಸಲ ಕಟ್ಟಿ ಬಿಚ್ಚಿದರು. ನೂರು ಅಂಕಗಳಲ್ಲಿ ನಾನು ಯೋಜನೆಗೆ 25, ಭಾಷೆಗೆ 25, ದೃಶ್ಯ ಮತ್ತು ಶಬ್ದಕ್ಕೆ 20 ಇಟ್ಟು, ಉಳಿದ 30ನ್ನು ಜನರಿಂದ ಕೇಳಿ ತಿದ್ದಿಕೊಂಡದ್ದಕ್ಕೆ ಇಟ್ಟಿದ್ದೆ. ಒಳ್ಳೆಯ ಮೊಬೈಲ್ ಉಳ್ಳ ಮನೆಯ ಮಗು ಗೆಲ್ಲಬಾರದು, ತಿದ್ದಿಕೊಳ್ಳಬಲ್ಲ ಮಗು ಗೆಲ್ಲಬೇಕು. ಈಗ ಹೇಳಿ, ಇದರಲ್ಲಿ ಸಿನಿಮಾ ಹುಚ್ಚು ಎಲ್ಲಿದೆ? ಸಾರಾಂಶ ಬರೆಯುವುದು, ಲೆಕ್ಕ ಹಾಕುವುದು, ಪದ ಹುಡುಕುವುದು, ಟೀಕೆ ಕೇಳುವುದು: ಇದಕ್ಕಿಂತ ಒಳ್ಳೆಯ ಭಾಷಾಪಾಠವನ್ನು ಯಾವ ಮಾಧ್ಯಮದ ಶಾಲೆ ಕೊಡುತ್ತದೆ?

ಇನ್ನೊಂದು ಆಕ್ಷೇಪ ರಾಜ್ಯದ ಕುರಿತಾದದ್ದು. 2006ರ ತಮಿಳು ಕಲಿಕೆಯ ಕಾಯ್ದೆಯಿಂದಾಗಿ ನಮ್ಮ ಮಕ್ಕಳು ಮೊದಲ ಭಾಷೆಯಾಗಿ ತಮಿಳನ್ನು ಓದಬೇಕಾಗಿದೆ. ಹಂತಹಂತವಾಗಿ ಬಂದ ಆ ನಿಯಮ ಒಂದು ದಶಕದಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಇದರ ಮಧ್ಯೆ ಕನ್ನಡಕ್ಕೆ ಹೊತ್ತೆಲ್ಲಿ ಎಂದು ಕೇಳುತ್ತೀರಿ. ತಮಿಳು ಕಲಿಯುವುದು ನಷ್ಟವೆಂದು ನಾನು ಎಂದೂ ಹೇಳಿಲ್ಲ. ನಾವು ಬದುಕುವ ನೆಲದ ಭಾಷೆ ಅದು. ಕಲಿಯೋಣ, ಚೆನ್ನಾಗಿಯೇ ಕಲಿಯೋಣ. ಆದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಮರ್ಪಕ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಸೌಲಭ್ಯವನ್ನು ಬಳಸುವವರೇ ಇಲ್ಲದಿದ್ದರೆ ಅದು ಕಾಗದದ ಮೇಲೆಯೂ ಹೆಚ್ಚು ಕಾಲ ಉಳಿಯುವುದಿಲ್ಲ. ದಾಖಲಾತಿ ಇಲ್ಲದ ಶಾಲೆಯನ್ನು ಯಾವ ವಿಧಿಯೂ ಕಾಪಾಡದು.

ಚಲನಚಿತ್ರವೇನೂ ಶಾಲೆಗೆ ಹೊರಗಿನದಲ್ಲ. ತಮಿಳುನಾಡು ಸರ್ಕಾರವೇ 2022ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಚಿತ್ರಗಳನ್ನು ತೋರಿಸುವ ಕಾರ್ಯಕ್ರಮ ಆರಂಭಿಸಿತು. ಮಕ್ಕಳು ನೋಡಿ ಚರ್ಚಿಸಬೇಕು, ವಿಮರ್ಶೆ ಬರೆಯಬೇಕೆಂಬುದು ಅದರ ಆಶಯ. ಅತ್ತ ಕೇರಳದಲ್ಲಿ 2018ರಲ್ಲಿ ಶುರುವಾದ ‘ಲಿಟ್ಲ್ ಕೈಟ್ಸ್’ ಕೂಟಗಳು ಪ್ರೌಢಶಾಲೆಯ ಮಕ್ಕಳಿಗೆ ಅನಿಮೇಷನ್ ಮುಂತಾದ ತಂತ್ರಜ್ಞಾನವನ್ನು ಕಲಿಸುತ್ತಿವೆ. ಬಾಗಿಲು ತೆರೆದೇ ಇದೆ. ನಮ್ಮ ಮಗು ಆ ವಿಮರ್ಶೆಯನ್ನು ಯಾವ ಭಾಷೆಯಲ್ಲಿ ಬರೆಯುತ್ತದೆ, ಆ ತಂತ್ರಜ್ಞಾನದಿಂದ ಯಾವ ಭಾಷೆಯ ಪೋಸ್ಟರನ್ನು ಮಾಡುತ್ತದೆ ಎಂದು ಕೇಳಬೇಕಾದವರು ನಾವು.

ಆದ್ದರಿಂದ ಬಂಧುಗಳೇ, ನಾನು ನಿಮ್ಮಿಂದ ಮೂರನ್ನು ಬೇಡುತ್ತೇನೆ.

ಒಂದು: ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿದೆ. ಸಹಿ ಹಾಕಿ ಚಹಾ ಕುಡಿದು ಬರುವುದನ್ನು ಬಿಡಿ. ವರ್ಷಕ್ಕೊಂದಾದರೂ ಕನ್ನಡದ ಕಿರುಚಿತ್ರ, ಅದರ ಟ್ರೈಲರ್, ಅದರ ಪೋಸ್ಟರ್ ಆಗಲೇಬೇಕೆಂದು ಸಭೆಯಲ್ಲಿ ಎದ್ದು ನಿಂತು ಕೇಳಿ.

ಎರಡು: ಮಕ್ಕಳು ಕರಪತ್ರ ಹಿಡಿದು ಬಂದಾಗ ಕೆಲಸ ಬಿಟ್ಟು ಪೂರ್ತಿ ಓದಿ. ‘ಚೆನ್ನಾಗಿದೆ ಪುಟ್ಟಾ’ ಎಂದು ತಲೆ ಸವರಿ ಕಳಿಸಬೇಡಿ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲವೆಂದು ಹೇಳಿ. ಆ ಅಜ್ಜಿಯಷ್ಟು ಪ್ರಾಮಾಣಿಕತೆ ನಮ್ಮಲ್ಲಿರಲಿ.

ಮೂರು: ನಿಮ್ಮ ಮೊಬೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಇಂದೇ ಹಾಕಿಕೊಳ್ಳಿ. ಅಪ್ಪ ಅಮ್ಮ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ಮನೆಯ ಮಗುವಿಗೆ ಒತ್ತಕ್ಷರ ಒಡೆದದ್ದು ಕಣ್ಣಿಗೆ ಬೀಳುವುದಾದರೂ ಹೇಗೆ?

ಅಂದು ಆ ಅಂಗಡಿಯಲ್ಲಿ ಅಕ್ಷರವಿನ್ಯಾಸ ಬದಲಿಸಿ, ಒತ್ತು ಸರಿಯಾಗಿ ಕೂತ ಮೇಲೆಯೇ ಆ ಹುಡುಗಿ ಹಣ ಎಣಿಸಿ ಕೊಟ್ಟಳು. ಪ್ರದರ್ಶನದ ಸಂಜೆ ಶಾಲೆಯ ಅಂಗಳದಲ್ಲಿ ಚಾಪೆಗಳು ಸಾಲದೆ ಕೆಲವರು ನಿಂತೇ ನೋಡಿದರು. ಕತ್ತಲಾಗುವ ಮೊದಲೇ ಮೂವರು ತಂದೆಯರು ಹೊಲ ಕಾಯಲು ಎದ್ದು ಹೋಗಬೇಕಾಯಿತು. ಹಿಂದಿನ ಸಾಲಿನಲ್ಲಿ ಅಂಗಡಿಯವರೂ ತಮ್ಮ ಮಗನನ್ನು ಕರೆದುಕೊಂಡು ಬಂದು ಕೂತಿದ್ದರು. ಪೋಸ್ಟರನ್ನು ಓದಿಯೇ ಬಂದೆವು ಎಂದರು.

ನಿಮ್ಮ ವಿಶ್ವಾಸಿ,
ಕೃಷ್ಣಗಿರಿ ಜಿಲ್ಲೆಯ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯ