ಕರಾವಳಿಯ ತಳನೀರಿನ ಪೂರ್ವವೃತ್ತಾಂತ

ಮುಂಗಾರು ಹಿಂದೆಗೆಯುವ ಭಾದ್ರಪದ, ಆಶ್ವೀಜ ಮಾಸಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಹೊಂದಿಕೊಂಡ ಆಳವಿಲ್ಲದ ಕಡಲಿನ ತಳದಲ್ಲಿ ಆಮ್ಲಜನಕವು ಕ್ಷೀಣಿಸಿ, ಕೆಲವೆಡೆ ನಿಶ್ಶೇಷವಾಗಿ, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ನೀರಿನಲ್ಲಿ ಸಂಚಯವಾಗುವುದುಂಟು. ವರ್ಷವರ್ಷವೂ ಮರುಕಳಿಸುವ ಈ ವಲಯವು, ನಿಸರ್ಗದಿಂದಲೇ ರೂಪುಗೊಳ್ಳುವ ಇಂತಹ ಕರಾವಳಿ ವಲಯಗಳಲ್ಲೆಲ್ಲ ಜಗತ್ತಿನಲ್ಲಿಯೇ ಅತಿ ವಿಸ್ತಾರವಾದುದು. ಮಿಸಿಸಿಪ್ಪಿ ನದಿಯು ಹೊಲಗಳಿಂದ ಹೊತ್ತೊಯ್ಯುವ ರಸಗೊಬ್ಬರವು ಮೆಕ್ಸಿಕೋ ಕೊಲ್ಲಿಯಲ್ಲಿ ಮಾಡಿದ ಅನರ್ಥವನ್ನು ಓದಿ ಬಲ್ಲವರು ಇಲ್ಲಿಯೂ ಅದೇ ಕಾರಣವೆಂದು ತೀರ್ಮಾನಿಸುವುದು ಸಹಜವಾದರೂ, ನಮ್ಮ ಕಡಲಿನ ಮಟ್ಟಿಗೆ ಆ ತೀರ್ಮಾನ ಅಪೂರ್ಣವಾದುದು.

ಏಕೆಂದರೆ ಈ ನೀರು ಕರಾವಳಿಯನ್ನು ಮುಟ್ಟುವ ಮೊದಲೇ ಆಮ್ಲಜನಕದಲ್ಲಿ ಬಡವಾಗಿರುತ್ತದೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರಿನವರೆಗಿನ ಆಳದಲ್ಲಿ ಆಮ್ಲಜನಕ ಅತ್ಯಲ್ಪವಾದ ಒಂದು ಮಹಾಸ್ತರವಿದೆ. ಉತ್ತರದಲ್ಲಿ ಏಷ್ಯಾ ಖಂಡವು ಅಡ್ಡಗಟ್ಟಿರುವುದರಿಂದ ಆ ದಿಕ್ಕಿನಿಂದ ಶೀತಲವಾದ ಹೊಸ ನೀರು ಬಂದು ಸೇರುವಂತಿಲ್ಲ. ದಕ್ಷಿಣದಿಂದ ನಿಧಾನವಾಗಿ ಬರುವ ನೀರು ಗಾಳಿಯ ಸ್ಪರ್ಶವನ್ನು ಕಳೆದುಕೊಂಡು ದೀರ್ಘಕಾಲವಾಗಿರುತ್ತದೆ. ಮೇಲ್ಪದರದ ಸಮೃದ್ಧ ಜೀವರಾಶಿಯ ಅವಶೇಷಗಳು ಕೆಳಗಿಳಿದು ಕೊಳೆಯುವಾಗ, ಉಳಿದಿದ್ದ ಅಷ್ಟಿಷ್ಟು ಆಮ್ಲಜನಕವನ್ನೂ ಸೂಕ್ಷ್ಮಜೀವಿಗಳು ವ್ಯಯಮಾಡುತ್ತವೆ.

ಮುಂಗಾರು ಬಂದೊಡನೆ, ತೀರದುದ್ದಕ್ಕೂ ಬೀಸುವ ಗಾಳಿಯಿಂದಲೂ ದೂರದಿಂದ ಕರಾವಳಿಯಗುಂಟ ಸಾಗಿಬರುವ ಅಂತರ್ಗತ ತರಂಗಗಳಿಂದಲೂ ಪ್ರೇರಿತವಾಗಿ ಆ ಕೆಳಪದರದ ನೀರು ಮೇಲೇರಿ ಖಂಡಾವರಣ ಪ್ರದೇಶದ ಮೇಲೆ ಹರಡುತ್ತದೆ. ಅದೇ ಕಾಲಕ್ಕೆ ಕಾಳಿ, ಶರಾವತಿ, ನೇತ್ರಾವತಿಗಳು ತುಂಬಿ ತಂದು ಸುರಿಯುವ ಸಿಹಿನೀರೂ ಕಡಲ ಮೇಲೆಯೇ ಬೀಳುವ ಮಳೆಯೂ ಕೂಡಿ, ತೂಕದಲ್ಲಿ ಹಗುರಾದ ಒಂದು ತೆಳುಪದರವು ಮುಚ್ಚಳದಂತೆ ಕವಿದು, ಗಾಳಿಯ ಆಮ್ಲಜನಕವು ಕೆಳಗಿಳಿಯದಂತೆ ತಡೆಯುತ್ತದೆ. ಮೇಲೇರಿದ ನೀರು ತಂದ ಪೋಷಕಾಂಶಗಳಿಂದ ಬೆಳೆದ ಸಸ್ಯಪ್ಲವಕಗಳು ಸತ್ತು ತಳ ಸೇರಿದ ಮೇಲೆ ಶೇಷವಿದ್ದ ಆಮ್ಲಜನಕವೂ ತೀರಿ, ಬಳಿಕ ನೈಟ್ರೇಟೂ ತೀರಿ, ಕಡೆಗೆ ಸಲ್ಫೇಟಿನ ಸರದಿ ಬಂದು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಬೂತಾಯಿ ಬಂಗುಡೆಗಳ ಸುಗ್ಗಿಗೆ ಮೂಲವಾದ ಮೇಲೇರಿಕೆಯೇ ಈ ಕೊರತೆಗೂ ಮೂಲವೆಂಬುದನ್ನು ನಾವು ಮರೆಯಬಾರದು.

ಇದೇನೂ ನಿನ್ನೆಮೊನ್ನೆಯ ಶೋಧವಲ್ಲ. ಕಾರ್ಲ್ ಬಾನ್ಸೆ ಎಂಬ ವಿಜ್ಞಾನಿಯು ಮುಂಗಾರಿನ ಈ ನೀರು ಕೇರಳ ತೀರದ ತಳಮೀನುಗಳನ್ನು ಅಲ್ಲಿಂದ ಹೊರದಬ್ಬುವುದನ್ನು 1959ರಲ್ಲಿಯೇ ವಿವರಿಸಿದ್ದರು. 2000ದಲ್ಲಿ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿಯವರೂ ಸಹೋದ್ಯೋಗಿಗಳೂ ಈ ಸ್ಥಿತಿ ತೀವ್ರಗೊಳ್ಳುತ್ತಿರುವುದನ್ನೂ, ಅಲ್ಲಿಂದ ಭೂತಾಪವರ್ಧಕವಾದ ನೈಟ್ರಸ್ ಆಕ್ಸೈಡ್ ಹೇರಳವಾಗಿ ಹೊಮ್ಮುವುದನ್ನೂ ಲೋಕದ ಮುಂದಿಟ್ಟರು.

ಮೂಲವು ನೈಸರ್ಗಿಕವೆಂದ ಮಾತ್ರಕ್ಕೆ ನಮ್ಮ ಹೊಣೆ ಕಳೆಯಿತೆಂದು ನಾನು ಒಪ್ಪಲಾರೆ. ತನ್ನಷ್ಟಕ್ಕೆ ತಾನೇ ಪ್ರಪಾತದ ಅಂಚಿಗೆ ಬಂದು ನಿಲ್ಲುವ ಕಡಲಿಗೆ ಗೊಬ್ಬರವನ್ನೂ ಕೊಳಚೆಯನ್ನೂ ಸೇರಿಸುವುದು, ಧಾರಾಳವಾಗಿ ಉಸಿರಾಡುವ ಕಡಲಿಗೆ ಸೇರಿಸುವುದಕ್ಕಿಂತ ಹೆಚ್ಚಿನ ಅಪರಾಧ. ಮೇಲಾಗಿ, ಬಿಸಿಯೇರಿದಂತೆ ನೀರು ಆಮ್ಲಜನಕವನ್ನು ಹಿಡಿದಿಡುವ ಶಕ್ತಿಯೇ ಕುಗ್ಗುತ್ತದೆ. ಎಲ್ಲ ವರ್ಷಗಳೂ ಒಂದೇ ತೆರನಲ್ಲ. ಹಿಂದೂ ಮಹಾಸಾಗರದ ಪೂರ್ವ ಪಶ್ಚಿಮ ಭಾಗಗಳ ಉಷ್ಣತೆಯ ಏರುಪೇರು ಕೆಲವು ವರ್ಷಗಳಲ್ಲಿ ಮೇಲೇರಿಕೆಯನ್ನು ತಗ್ಗಿಸಿ ಕರಾವಳಿಯನ್ನು ಕಾಪಾಡುತ್ತದೆ. ಆದುದರಿಂದ ನಿಸರ್ಗದ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಬೇರ್ಪಡಿಸಲು ಒಂದೆರಡು ವರ್ಷಗಳ ಅಳತೆ ಸಾಲದು.

ಗೋವೆಯ ಕಾಂಡೋಲಿಮ್ ಎದುರಿನ ಕಡಲಿನಲ್ಲಿ 1990ರ ದಶಕದಿಂದ ನಡೆದುಬಂದಿರುವಂತಹ ಕ್ರಮಬದ್ಧ ಅಳತೆಯು ಮಂಗಳೂರು, ಮಲ್ಪೆ, ಕಾರವಾರಗಳ ಎದುರಿನಲ್ಲಿಯೂ ನಿರಂತರವಾಗಿ ನಡೆಯಬೇಕು. ಮೀನು ಸಿಗುವ ತಾಣಗಳನ್ನು ಸೂಚಿಸುವ ಹೈದರಾಬಾದಿನ ಕೇಂದ್ರದ ಮುನ್ಸೂಚನೆಯು ಉಪಗ್ರಹಗಳು ಕಾಣುವ ಮೇಲ್ಮೈಯ ಉಷ್ಣತೆಯನ್ನೂ ಬಣ್ಣವನ್ನೂ ಆಧರಿಸಿದುದು. ತಳದ ಆಮ್ಲಜನಕವು ಉಪಗ್ರಹಕ್ಕೆ ಗೋಚರಿಸುವುದಿಲ್ಲ. 61 ದಿನಗಳ ಮೀನುಗಾರಿಕಾ ನಿಷೇಧ ಮುಗಿದು ಆಗಸ್ಟ್ 1ರಂದು ಟ್ರಾಲ್ ದೋಣಿಗಳು ಕಡಲಿಗಿಳಿಯುವ ವೇಳೆಗೆ ತಳನೀರು ತನ್ನ ಅತ್ಯಂತ ದುರ್ಬಲ ಸ್ಥಿತಿಯತ್ತ ಸಾಗುತ್ತಿರುತ್ತದೆ. ಆ ವಾರಗಳಲ್ಲಿ ತಳದ ಆಮ್ಲಜನಕದ ಅಂಕಿಯೂ ಪ್ರತಿಯೊಂದು ಬಂದರಿಗೆ ಕನ್ನಡದಲ್ಲಿ ತಲಪುವ ವ್ಯವಸ್ಥೆಯನ್ನು ಸರಕಾರವು ಬರುವ ಮುಂಗಾರಿನೊಳಗೆ ಮಾಡಬೇಕು.